ರುಮಾಲು ತೆಗೆದು ಅಳೆದಾಗ

"ಇದರಾಗ ಯಾವ ಗೆರಿ ಉದ್ದ ಐತಿ, ಹೇಳವ್ವಾ?" ಮುಧೋಳದಿಂದ ಕನ್ಯೆ ನೋಡಲು ಬಂದಿದ್ದ ಹುಡುಗನ ತಂದೆ, ಬನಹಟ್ಟಿಯ ನಮ್ಮ ಪಡಸಾಲೆಯ ನೆಲದ ಮೇಲೆ ಸೀಮೆಸುಣ್ಣದಿಂದ ಎರಡು ಗೆರೆ ಎಳೆದು ನನ್ನ ಮಗಳನ್ನು ಕೇಳಿದರು. ಒಂದರ ತುದಿಗಳಿಗೆ ಬಾಣದ ಮೊನೆ, ಇನ್ನೊಂದರ ತುದಿಗಳಿಗೆ ಕವೆ. ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದ ಹುಡುಗಿಯ ಜಾಣತನ ನೋಡಬೇಕಂತೆ.

ಕವೆಯಿದ್ದ ಗೆರೆಯೇ ಉದ್ದವೆಂದು ನನಗೆ ಸ್ಪಷ್ಟವಾಗಿ ಕಂಡಿತು. ಅದನ್ನೇ ಹೇಳೆಂದು ಅಪ್ಪನಾದ ನಾನು ಕಣ್ಸನ್ನೆ ಮಾಡಿದೆ. ಹುಡುಗಿ ಗಿಡ್ಡ ಎಂದು ಹಿಂದೆ ಬಂದವರೆಲ್ಲ ಎದ್ದುಹೋಗಿದ್ದರು. ತಲೆಗೆ ಎತ್ತರದ ರುಮಾಲು ಸುತ್ತಿ ಕೂತಿದ್ದ ಈ ಹುಡುಗನ ಪಕ್ಕದಲ್ಲಿ ಅವನ ತಾಯಿಯೂ ಆಗಲೇ ಅದನ್ನೇ ಪಿಸುಗುಟ್ಟಿದ್ದರು. ಬಂದವರಿಗೆ ಚಹಾ, ಚೂಡಾ ಮಾಡಿ ಮಾಡಿ ನಮ್ಮ ಮನೆಯೇ ದಣಿದಿತ್ತು.

ಮಗಳು ನನ್ನ ಸನ್ನೆ ನೋಡಲೇ ಇಲ್ಲ. ಮಗ್ಗದ ನೂಲೊಂದನ್ನು ತಂದು ಎರಡನ್ನೂ ಅಳೆದಳು. "ಎರಡೂ ಸಮ ಅದಾವ್ರಿ. ತುದಿ ನೋಡಿ ಕಣ್ಣು ಮೋಸ ಹೋಗತೈತಿ. ನಿಮ್ಮ ಮಗನ ತಲಿಮ್ಯಾಲಿನ ರುಮಾಲೂ ಹಂಗರೀ. ಅದನ್ನ ತೆಗದು ಅಳೀರಿ, ಆಮ್ಯಾಲ ನನಗ ಗಿಡ್ಡ ಅನ್ರಿ."

ಈ ಸಂಬಂಧವೂ ಮುರಿಯಿತೆಂದು ನಾನು ಕಣ್ಣು ಮುಚ್ಚಿದೆ. ತೆರೆದಾಗ ಹುಡುಗ ರುಮಾಲನ್ನು ಕಂಕುಳಲ್ಲಿಟ್ಟುಕೊಂಡು ಅವಳ ಪಕ್ಕದಲ್ಲಿ ನಿಂತಿದ್ದ. ಅವಳಿಗಿಂತ ನಾಲ್ಕು ಬೆರಳು ಎತ್ತರ, ಅಷ್ಟೇ. "ಅಯ್ಯ, ಎತ್ತರ ಇದ್ದದ್ದು ರುಮಾಲನ ಹೌದಲ್ರೀ!" ಎಂದು ಅವನ ತಾಯಿಯೇ ನಕ್ಕುಬಿಟ್ಟರು.

ಒಪ್ಪಿಗೆ ಬಂದಿದೆ. ಆ ಗೆರೆಗಳನ್ನು ಇನ್ನೂ ಯಾರೂ ಒರೆಸಿಲ್ಲ. ಸಮವೆಂದು ಗೊತ್ತಿದ್ದರೂ ನನಗೆ ಒಂದು ಉದ್ದವಾಗಿಯೇ ಕಾಣುತ್ತದೆ. "ಯಪ್ಪಾ, ಅಳದಾತಲ್ಲ, ಇನ್ನ ಸುಮ್ನಿರು" ಎನ್ನುತ್ತಾಳೆ ಮಗಳು. ಸುಮ್ಮನಾಗುತ್ತೇನೆ. ಅವಳು ಒಳಗೆ ಹೋದ ಮೇಲೆ ನೂಲು ತಂದು ಮತ್ತೊಮ್ಮೆ ಅಳೆಯುತ್ತೇನೆ.