ಟವೆಲ್ ಹಾಕಿ ಹಿಡಿದ ರೈಲು

ಅತ್ತೆಯ ರೈಲನ್ನು ನಾನು ಮಾರಿದ್ದು ನಿಜ. ಆದರೆ ನಷ್ಟಕ್ಕೆ ಮಾರಿರಲಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಮುಧೋಳದಿಂದ ಬೀಳಗಿಗೆ ಹೋಗುವ ದಾರಿಯಲ್ಲಿ, ಕಬ್ಬಿನ ಹೊಲಗಳ ನಡುವೆ, ಒಂದು ಆಟದ ಪಾರ್ಕ್ ಆಗಿದೆ. ತೂಗುವ ದೋಣಿ, ಗರಗರ ತಿರುಗುವ ಬಟ್ಟಲು, ನೀರಿನ ಜಾರುಬಂಡೆ. ಎಲ್ಲಕ್ಕಿಂತ ಎತ್ತರದಲ್ಲಿ, ಹಾವಿನಂತೆ ಸುತ್ತಿಕೊಂಡ ಹಳಿಯ ಮೇಲೆ ಏರಿ ಧುಮುಕುವ ರೈಲು. ಹೋದ ವರ್ಷ ನಾನೂ ಅತ್ತೆಯೂ ಮೊದಲ ಸಲ ಹೋದಾಗ ಗೇಟಿನಲ್ಲೇ ಹೊತ್ತು ಬರೆದ ಕಾಗದದ ಚೀಟಿ ಕೊಡುತ್ತಿದ್ದರು. ಅತ್ತೆಗೆ ರೈಲಿನ ಚೀಟಿ ಬಂತು. ಅವರು ನೀರು ಕುಡಿದು ಬರುವಷ್ಟರಲ್ಲಿ ನಾನು ಅದನ್ನು ಒಬ್ಬರಿಗೆ ಕೊಟ್ಟು ದೋಣಿಯ ಮೂರು ಚೀಟಿ ತೆಗೆದುಕೊಂಡಿದ್ದೆ. ಒಂದಕ್ಕೆ ಮೂರು! ಜಮಖಂಡಿ ಪೇಟೆಯಲ್ಲಿ ಯಾರು ಕೊಡುತ್ತಾರೆ ಹೇಳಿ.

ಅತ್ತೆಗೆ ದೋಣಿ ಬೇಕಿರಲಿಲ್ಲ. ಎಪ್ಪತ್ತರ ಹತ್ತಿರದ ಜೀವ ರೈಲು ಹತ್ತಬೇಕೆಂದೇ ಬಂದಿತ್ತು. ದೋಣಿಯಲ್ಲಿ ಮೂರು ಸಲವೂ ರೈಲಿನ ಕಡೆ ಮುಖ ಮಾಡಿ, ತುಟಿ ಬಿಗಿದು ಕುಳಿತರು. ಆಮೇಲೆ ಸಾವಳಗಿಯ ಬೀಗರ ಮನೆಯವರೆಗೂ ಸುದ್ದಿ ಹೋಯಿತು.

"ನಮ್ಮ ಸೊಸಿ ಸೀರಿ ಅಷ್ಟ ಮಾರಂಗಿಲ್ರೀ. ನಂದೊಂದು ರೈಲ್ ಇತ್ತು, ಅದನ್ನೂ ಮಾರ್ಯಾಳ."

ಸೀರೆ ಮಾರುವುದು ನನ್ನ ದಂಧೆ. ಬನಹಟ್ಟಿಯ ಮಗ್ಗದ ಮನೆಗಳಿಂದ ಗಂಟು ಕಟ್ಟಿಕೊಂಡು ಬಸ್ಸಿನಲ್ಲಿ ಊರೂರು ತಿರುಗಿ ಬೆಳೆದವಳು ನಾನು. ಯಾರೂ ಅಂಗಡಿ ಇಟ್ಟುಕೊಟ್ಟಿಲ್ಲ, ಯಾರೂ ಗುಟ್ಟು ಹೇಳಿಕೊಟ್ಟಿಲ್ಲ. ಆದ್ದರಿಂದ ನಾನು ಎಲ್ಲರಿಗೂ ಹೇಳಿಕೊಡುತ್ತೇನೆ, ಕೇಳದಿದ್ದರೂ. ಒಂದು ಈಗಲೇ ಕೇಳಿಸಿಕೊಳ್ಳಿ: ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯಬೇಕು. ಕರ್ಚೀಫು ಒಗೆಯಬೇಡಿ. ಕರ್ಚೀಫನ್ನು ಜನ ಎತ್ತಿ ಪಕ್ಕಕ್ಕಿಟ್ಟು ಕುಳಿತುಬಿಡುತ್ತಾರೆ. ಟವೆಲ್ಲಿಗೆ ಒಂದು ಮಾನವಿದೆ. ಅದು ಬಿದ್ದ ಸೀಟಿನ ಪಕ್ಕ ನಮ್ಮ ಕಡೆಯ ಪೈಲವಾನನೂ ನಿಂತೇ ಪ್ರಯಾಣ ಮಾಡುತ್ತಾನೆ.

ಈ ವರ್ಷ ಅತ್ತೆಯನ್ನು ರೈಲು ಹತ್ತಿಸಿಯೇ ತೀರುತ್ತೇನೆಂದು ಹೊರಟೆ. ಚೀಟಿ ಬದಲಾಯಿಸುವ ವಿದ್ಯೆ ಕೈಯಲ್ಲಿತ್ತು. ಆದರೆ ಗೇಟಿನಲ್ಲಿ ಕುಳಿತ ಹುಡುಗಿ ಚೀಟಿಯ ಬದಲು ನನ್ನ ಮೊಬೈಲ್ ಕೇಳಿದಳು.

"ಚೀಟಿ ಬಂದ್ ಆಗ್ಯಾವ್ರಿ ಅಕ್ಕಾರ. ಈಗ ಎಲ್ಲಾ ಮೊಬೈಲ್‌ನ್ಯಾಗ ಬುಕ್ ಮಾಡೂದು. ಒಮ್ಮೆ ಒಂದ ಆಟ. ಅದ ಮುಗದ ಮ್ಯಾಲ ಇನ್ನೊಂದು. ಹೇಳಿದ ಟೈಮಿಗೆ ಹತ್ತು ಮಿನಿಟ್‌ನ್ಯಾಗ ಬರದಿದ್ರ ಹೋತು. ಮತ್ತೊಬ್ರಿಗೆ ಕೊಡಾಕ ಬರಂಗಿಲ್ಲ."

ಕೈ ಬದಲಾಗದ ವಸ್ತುವನ್ನು ನಾನು ಜೀವನದಲ್ಲಿ ಅದೇ ಮೊದಲು ನೋಡಿದ್ದು. ರೈಲಿಗೆ ಎಷ್ಟು ಹೊತ್ತಿಗೆ ಸಿಗುತ್ತದೆ ಎಂದೆ. ಐದೂವರೆಗೆ ಎಂದಳು. ನಮ್ಮ ಬನಹಟ್ಟಿ ಬಸ್ಸು ಐದಕ್ಕೆ.

"ಮೂರಕ್ಕ ಮಾಡವಾ, ಮೊದಲನೇ ಗಿರಾಕಿ ಇದ್ದಂಗ ಅದೇವಿ."

"ನನ್ನ ಕೈಯಾಗ ಇಲ್ರಿ. ಕಂಪ್ಯೂಟರ್ ಕೊಡೂದು."

"ಹಂಗಾರ ಕಂಪ್ಯೂಟರ್ ಮಾಲಕರ ನಂಬರ್ ಕೊಡು, ನಾ ಮಾತಾಡ್ತೇನಿ."

ಹುಡುಗಿ ನಕ್ಕಳು. ನಾನು ಕೊನೆಯ ಪಟ್ಟು ಹಾಕಿದೆ. ಬ್ಯಾಡ ಬಿಡು ಎಂದು ಅತ್ತೆಯ ಕೈ ಹಿಡಿದು ಹೊರಟೆ. ಸೀರೆ ಅಂಗಡಿಯಿಂದ ಹತ್ತು ಹೆಜ್ಜೆ ಹೋದರೆ ಅಂಗಡಿಯವನು ಕರೆದೇ ಕರೆಯುತ್ತಾನೆ. ಇಲ್ಲಿ ಹನ್ನೊಂದನೆಯ ಹೆಜ್ಜೆಗೂ ಯಾರೂ ಕರೆಯಲಿಲ್ಲ. ತಿರುಗಿ ನೋಡಿದರೆ ಆಕೆ ಮುಂದಿನವರ ಮೊಬೈಲ್ ಕೈಗೆತ್ತಿಕೊಂಡಿದ್ದಳು. ಕಂಪ್ಯೂಟರಿನ ಮುಂದೆ ಈ ಪಟ್ಟು ಹಾಕಬೇಡಿ. ಅದಕ್ಕೆ ಗಿರಾಕಿ ಹೋದರೆಂಬ ಸಂಕಟವೇ ಇಲ್ಲ.

ಮುಖ ಸಣ್ಣದು ಮಾಡಿಕೊಂಡು ತಿರುಗಿ ಬಂದೆ. ಐದರೊಳಗೆ ಸಿಗುತ್ತಿದ್ದ ದೋಣಿಯನ್ನೇ ಇಬ್ಬರ ಹೆಸರಿಗೆ ನಾಲ್ಕೂಕಾಲಿಗೆ ಬುಕ್ ಮಾಡಿಸಿದೆ. ಅತ್ತೆ "ಮತ್ತ ದೋಣಿ" ಎಂದಷ್ಟೇ ಹೇಳಿ ಸೆರಗು ಸರಿಮಾಡಿಕೊಂಡರು. ಬೈದಿದ್ದರೆ ಚೆನ್ನಾಗಿತ್ತು.

ರೈಲಿನ ಹತ್ತಿರ ಹೋಗಿ ನಿಂತೆವು. ಬುಕಿಂಗ್ ಇದ್ದವರು ಕಂಬಿಯ ಒಳಗೆ, ಇಲ್ಲದವರು ಹೊರಗೆ. ಅಷ್ಟರಲ್ಲಿ ಒಂದು ಸುತ್ತು ಮುಗಿಸಿದ ರೈಲು ನಿಧಾನವಾಗಿ ನಮ್ಮ ಮುಂದೆಯೇ ಬರತೊಡಗಿತು. ಥೇಟ್ ಜಮಖಂಡಿ ಸ್ಟ್ಯಾಂಡಿಗೆ ಬಸ್ಸು ಬಂದ ಹಾಗೆ. ನನ್ನ ಕೈ ನನ್ನನ್ನು ಕೇಳಲಿಲ್ಲ. ಅತ್ತೆಯ ಚೀಲದಿಂದ ಟವೆಲ್ ಎಳೆದು ಕಂಬಿಯ ಮೇಲಿಂದ ಒಗೆದೇಬಿಟ್ಟಿತು. ಎಲ್ಲಕ್ಕೂ ಮುಂದಿನ ಸೀಟಿನ ಮೇಲೆ ಅಂಗೈ ಅಗಲದಷ್ಟೂ ತಪ್ಪದೆ ಬಿತ್ತು.

"ಹಿಡದೇನಿ ಅತ್ತೀ! ಮುಂದಿನ ಸೀಟು!"

ರೈಲು ನಡೆಸುವವನು ಪೀಪಿ ಊದಿದ. ಚಕ್ರಕ್ಕೆ ಸಿಕ್ಕಿದ್ದರೆ ಏನು ಗತಿ ಎಂದು ಕೂಗಾಡಿದ. ಅವನು ಅನ್ನುವುದರಲ್ಲಿ ತಪ್ಪಿರಲಿಲ್ಲ, ನೀವು ಯಾರೂ ಹಾಗೆ ಮಾಡಬೇಡಿ. ಆದರೆ ನಾನು ನೋಡುತ್ತಿದ್ದುದು ಬೇರೆ. ಬುಕಿಂಗ್ ಇದ್ದ ಜನ ಹತ್ತಿದರು, ಹಿಂದಿನ ಸೀಟೆಲ್ಲ ತುಂಬಿತು. ಮುಂದಿನ ಸೀಟಿನವನು ಮಾತ್ರ ಮೊಬೈಲ್ ಹಿಡಿದು ಟವೆಲ್ ನೋಡುತ್ತಾ ನಿಂತೇ ಇದ್ದ.

"ಕುಂದರ್ರಿ, ಅದು ನಿಮ್ಮ ಸೀಟ ಐತಿ" ಎಂದ ಪೀಪಿಯವನು.

"ಹ್ಯಾಂಗ ಕುಂದರ್ಲಿ? ಯಾರೋ ಹಿಡದಾರಲ್ಲ."

"ಮೊಬೈಲ್‌ನ್ಯಾಗ ನಿಮ್ಮ ಹೆಸರೈತ್ರಿ!"

"ಇರಲಿ ಬಿಡ್ರಿ. ಟವೆಲ್ ಬಿದ್ದೈತಿ. ಸುಮ್ನ ಜಗಳ ಯಾಕ."

ಕೊನೆಗೆ ಪೀಪಿಯವನೇ ಟವೆಲ್ ಎತ್ತಿ ತನ್ನ ಖುರ್ಚಿಯ ಬೆನ್ನಿಗೆ ಹಾಕಿಕೊಂಡ. ಆಮೇಲೆ ಆಫೀಸಿನಿಂದ ತಗೊಳ್ಳಿ ಎಂದ. ಅತ್ತೆ ಅಲ್ಲೇ ಕಂಬಿ ಹಿಡಿದು ನಿಂತರು.

"ನಾ ಆಫೀಸಿಗೆ ಹೋಗಂಗಿಲ್ಲ. ನನ್ನ ಟವೆಲ್ ಕೊಡೂ ತನಕ ಇಲ್ಲಿಂದ ಅಲಗಾಡಂಗಿಲ್ಲ. ನೀ ಹೋಗವಾ, ಇನ್ನೇನಾರ ಮಾರೂದಿದ್ರ ಮಾರಿಕೊಂಡ ಬಾ."

ನಾನು ಗಿರಾಕಿ ಹುಡುಕುತ್ತಾ ಚಹಾದ ಅಂಗಡಿಗೆ ಬಂದೆ. ಅಲ್ಲಿ ರನ್ನ ಬೆಳಗಲಿಯ ಒಬ್ಬ ಹೆಣ್ಣುಮಗಳು ಅಳುವ ಮಗಳನ್ನು ಸಮಾಧಾನ ಮಾಡುತ್ತಿದ್ದಳು. ನಾಲ್ಕೂ ಹತ್ತಕ್ಕೆ ಇಬ್ಬರಿಗೆ ರೈಲು ಬುಕ್ ಆಗಿದೆಯಂತೆ. ರೈಲು ಧುಮುಕುವುದನ್ನು ನೋಡಿ ಮಗಳು ದೋಣಿಯೇ ಬೇಕೆಂದು ಹಟ ಹಿಡಿದಿದ್ದಾಳಂತೆ. ನನ್ನ ಕಿವಿ ನಿಮಿರಿತು. ಬುಕಿಂಗ್ ಕೈ ಬದಲಾಗುವುದಿಲ್ಲ, ಸರಿ. ಮೊಬೈಲ್ ಕೈ ಬದಲಾಗಬಾರದೆಂದು ಯಾರೂ ಹೇಳಿರಲಿಲ್ಲವಲ್ಲ?

"ತಂಗೀ, ನಿನ್ನ ಮೊಬೈಲ್ ನನಗ ಕೊಡು, ನನ್ನ ಮೊಬೈಲ್ ನೀ ತಗೋ. ನೀವು ದೋಣಿ ಹತ್ರಿ, ನಾವು ರೈಲ್ ಹತ್ತತೇವಿ. ಅರ್ಧ ತಾಸಿಗೆ ಇದ ಅಂಗಡಿಗೆ ಬಂದು ಬದಲಾ ಮಾಡಿಕೊಳ್ಳೋಣು."

ಆಕೆ ಒಪ್ಪಿದಳು. ಆಕೆಯ ಮೊಬೈಲ್ ಹಿಡಿದು ಓಡಿದೆ. ಅರ್ಧ ದಾರಿಗೆ ಅದು ರಿಂಗಾಗತೊಡಗಿತು. ನೋಡಿದರೆ ನನ್ನದೇ ನಂಬರು.

"ಅಕ್ಕಾರ, ಬೀಳಗಿಯಿಂದ ಯಾರೋ ನಿಮಗ ಫೋನ್ ಮಾಡ್ಯಾರ. ಹಸರ ಸೀರಿ ರೇಟ್ ಕಮ್ಮಿ ಮಾಡ್ರಿ ಅಂತಾರ. ಏನ ಹೇಳ್ಲಿ?"

"ಹೂಂ ಅನಬ್ಯಾಡ, ಇಲ್ಲನೂ ಅನಬ್ಯಾಡ. ನೋಡೂಣು ಅಂತ ಹೇಳಿ ಇಡು."

"ಅಯ್ಯ, ಹೂಂ ಅಂದಬಿಟ್ಟೆನಲ್ರಿ. ಪಾಪ, ಭಾಳ ಛಲೋ ಮಾತಾಡಿದ್ರು."

ಮೊಬೈಲ್ ಬದಲು ಮಾಡಿಕೊಳ್ಳುವವರು ಇದನ್ನು ನೆನಪಿಡಿ: ಮೊಬೈಲಿನ ಜೊತೆಗೆ ನಿಮ್ಮ ಅಂಗಡಿಯೂ ಹೋಗುತ್ತದೆ.

ರೈಲಿನ ಹತ್ತಿರ ಬಂದೆ. ಕಂಬಿಯ ಬಳಿ ಅತ್ತೆ ಇರಲಿಲ್ಲ. ಪೀಪಿಯವನನ್ನು ಕೇಳಿದರೆ ಅವನು ಬೆರಳು ಮೇಲಕ್ಕೆ ತೋರಿಸಿದ. ಹಳಿಯ ತುತ್ತತುದಿಯಲ್ಲಿ ಕೆಂಪು ಸೆರಗೊಂದು ಹಾರುತ್ತಿತ್ತು.

"ಒಂದು ಸೀಟ್ ಖಾಲಿ ಉಳೀತ್ರಿ. ಹಂಗ ಉಳದ್ರ ಬುಕಿಂಗ್ ಇಲ್ಲದ ಒಂಟಿ ಮಂದೀನ ಹತ್ತಸಬೇಕಂತ ಈಗ ಹೊಸಾ ರೂಲ್ ಬಂದೈತಿ. ಬೋರ್ಡ್ ಹಾಕೇವಲ್ಲ. ನಿಮ್ಮ ಅತ್ತಿ ಟವೆಲ್ ಕೊಡ ಕೊಡ ಅಂತ ತಲಿ ತಿನ್ನಾಕತ್ತಿದ್ರು. ಬರ್ರಿ ಅಂತ ಕುಂಡ್ರಿಸಿದೆ."

ಬೋರ್ಡು ನನ್ನ ತಲೆಯ ಮೇಲೆಯೇ ಇತ್ತು. ನಾನು ರೇಟು ಬರೆದ ಬೋರ್ಡುಗಳನ್ನು ಮಾತ್ರ ಓದುವವಳು.

ರೈಲು ಬಂದು ನಿಂತಿತು. ಅತ್ತೆಯ ತುರುಬು ಬಿಚ್ಚಿತ್ತು, ಕುಂಕುಮ ಕಿವಿಯವರೆಗೆ ಹೋಗಿತ್ತು, ಮುಖ ಖುಷಿಗೆ ಹಬ್ಬದ ಹೋಳಿಗೆಯಂತೆ ಉಬ್ಬಿತ್ತು. ಒಂದು ವರ್ಷದಿಂದ ಆ ಮುಖವನ್ನು ನಾನು ನೋಡಿರಲಿಲ್ಲ.

"ಹ್ಯಾಂಗಿತ್ತ ಅತ್ತೀ?"

"ಹೊಟ್ಟಿ ಇಲ್ಲೇ ಉಳೀತು, ನಾ ಅಷ್ಟ ಹೋಗಿ ಬಂದೆ. ಏನ ಮಜಾ ಅಂತೀ!" ಎಂದವರು ನನ್ನ ಕೈಯ ಮೊಬೈಲ್ ನೋಡಿದರು. "ಇದೇನ?"

ಇಬ್ಬರಿಗೆ ರೈಲು, ನಾಲ್ಕೂ ಹತ್ತಕ್ಕೆ ಎಂದೆ. ಅತ್ತೆ ಇಳಿಯಲೇ ಇಲ್ಲ. ಪಕ್ಕದ ಸೀಟನ್ನು ಅಂಗೈಯಿಂದ ತಟ್ಟಿದರು.

"ಬಾ ಹಂಗಾರ. ಕುಂದ್ರು."

ಈಗ ಒಂದು ಮಾತು ಒಪ್ಪಿಕೊಳ್ಳಬೇಕು. ಹೋದ ವರ್ಷ ನಾನು ಚೀಟಿ ಮಾರಿದ್ದು ಒಂದಕ್ಕೆ ಮೂರು ಬಂತೆಂದಲ್ಲ. ಅತ್ತೆ ಹತ್ತಿದರೆ ನೀನೂ ಒಂದು ಚೀಟಿ ತಗೊಂಡು ಜೊತೆಗೆ ಬಾ ಅನ್ನುತ್ತಾರೆ, ಆ ಎತ್ತರ ನೋಡಿದರೆ ನನಗೆ ಕಾಲು ನಡುಗುತ್ತದೆ, ಅದಕ್ಕೆ. ವ್ಯಾಪಾರಸ್ಥರ ಲಾಭದ ಹಿಂದೆ ಹಲವು ಸಲ ಬರೀ ಅಂಜಿಕೆ ಇರುತ್ತದೆ.

"ನೀವ ಇನ್ನೊಮ್ಮೆ ಹೋಗಿ ಬರ್ರಿ ಅತ್ತೀ, ನಾ ಟವೆಲ್ ಕಾಯತೇನಿ."

"ಬುಕ್ ಮಾಡಿದ್ದ ಸೀಟು ಖಾಲಿ ಬಿಡತೀ? ನೀ?"

ಪೀಪಿಯವನಿಗೆ ಮೊಬೈಲ್ ತೋರಿಸಿದೆ. ಕುಳಿತೆ. ಪೀಪಿಯವನು ಎದೆಯ ಮೇಲೆ ಕಬ್ಬಿಣದ ಪಟ್ಟಿ ಇಳಿಸಿದ. ಅಣ್ಣಾ, ನಿನ್ನ ಹೆಂಡತಿಗೆ ಒಂದು ಸೀರೆ ಹಾಗೇ ಕೊಡುತ್ತೇನೆ, ನನ್ನನ್ನು ಇಳಿಸು ಎಂದೆ. ಅವನು ಪೀಪಿ ಊದಿದ. ರೈಲು ಕಟಕಟ ಎನ್ನುತ್ತಾ ಏರಿತು. ತುದಿಯಲ್ಲಿ ಅರೆಕ್ಷಣ ನಿಂತಿತು.

"ಕಣ್ಣ ತಗೀ! ಅಲ್ಲಿ ನೋಡು, ಸಕ್ರಿ ಕಾರ್ಖಾನಿ ಚಿಮಣಿ ಕಾಣತೈತಿ!"

ತೆಗೆದೆ. ಚಿಮಣಿ ಕಂಡಿತು, ಆಮೇಲೆ ತಲೆಕೆಳಗಾಗಿ ಇನ್ನೊಮ್ಮೆ ಕಂಡಿತು. ಕೂಗಿದ್ದು ನಾನೇ ಎಂದು ಆಮೇಲೆ ಗೊತ್ತಾಯಿತು. ಕುಲದೇವರಿಗೆ ಏನೇನು ಹರಕೆ ಹೊತ್ತೆನೋ ಲೆಕ್ಕವಿಲ್ಲ, ಆ ಹೊತ್ತಿನಲ್ಲಿ ಚೌಕಾಶಿ ಮಾಡುವುದೂ ನೆನಪಾಗಲಿಲ್ಲ.

ರೈಲು ನಿಂತ ಮೇಲೆ ಎಲ್ಲರೂ ಇಳಿದರು. ನಾನು ಪಟ್ಟಿಯನ್ನು ತಬ್ಬಿಕೊಂಡು ಕುಳಿತೇ ಇದ್ದೆ. ಮುಂದಿನ ಬುಕಿಂಗಿನವರು ಕಾಯುತ್ತಿದ್ದಾರೆ, ಇಳಿಯಿರಿ ಎಂದು ಪೀಪಿಯವನು ಅವಸರ ಮಾಡಿದ.

"ಸ್ವಲ್ಪ ತಡಿಯಪ್ಪಾ" ಎಂದರು ಅತ್ತೆ, ನನ್ನ ಬೆರಳುಗಳನ್ನು ಪಟ್ಟಿಯಿಂದ ಒಂದೊಂದಾಗಿ ಬಿಡಿಸುತ್ತಾ. "ಇಕಿ ಕಾಲು ಇನ್ನೂ ಮ್ಯಾಲ ಅದಾವು. ಅವೂ ಇಳದು ಬರಲಿ."