ಮೌಲಾಸಾಬನ ತಾರಸಿಯ ಬದನೆಕಾಯಿ

ಗೋವಾದ ವಾಳಪೈಯ ಮೌಲಾಸಾಬ ಬೆಳಗಾವಿಯ ಕಾಯಿಪಲ್ಯವನ್ನು ಟೆಂಪೊದಲ್ಲಿ ತಂದು ಅಲ್ಲಿಯವರ ಹೊಟ್ಟೆಗೆ ಮುಟ್ಟಿಸುತ್ತ ಅರ್ಧ ಆಯುಷ್ಯ ಕಳೆದವನು. ಘಾಟಿನ ಒಂದೊಂದು ತಿರುವೂ ಅವನ ಸೊಂಟಕ್ಕೆ ಗೊತ್ತು. ಸಕ್ಕರೆ ಕಾಯಿಲೆ ಕಣ್ಣಿಗಿಳಿದು, ಇನ್ನು ಸ್ಟಿಯರಿಂಗ್ ಮುಟ್ಟಬೇಡ ಎಂದು ಡಾಕ್ಟರು ಹೇಳಿದ ಮೇಲೆ ಟೆಂಪೊವನ್ನು ಅಳಿಯ ನಯೀಮನಿಗೆ ಒಪ್ಪಿಸಿ ಮನೆಯಲ್ಲಿ ಕುಳಿತ. ಕುಳಿತವನ ಕೈಗೆ ಮೊಬೈಲು ಬಂತು. ಮೊಬೈಲಿನಲ್ಲಿ ಪೇಟೆಯ ಕಾಯಿಪಲ್ಯದ ವಿಷವನ್ನು ಬಯಲು ಮಾಡುವ ವಿಡಿಯೋಗಳು ಬಂದವು. ಅವನ್ನೆಲ್ಲ ನೋಡಿದ ಮೇಲೆ, ತಾನು ಇಷ್ಟು ವರ್ಷ ಊರಿಗೆ ಹೊತ್ತು ತಂದದ್ದು ಬರೀ ವಿಷ ಎಂಬ ಜ್ಞಾನ ಅವನಿಗಾಯಿತು. ಅದಕ್ಕಾಗಿ ಪಶ್ಚಾತ್ತಾಪವೇನೂ ಆಗಲಿಲ್ಲ. ಓಣಿಯಲ್ಲಿ ಈ ಜ್ಞಾನ ತನಗೊಬ್ಬನಿಗೇ ಆಗಿದೆಯಲ್ಲ ಎಂದು ಎದೆ ಉಬ್ಬಿತು.

ಏಪ್ರಿಲ್ ಬಿಸಿಲಿನಲ್ಲಿ ತಾರಸಿಯ ಮೇಲೆ ತೋಟ ಮಾಡುವುದೆಂದು ತೀರ್ಮಾನಿಸಿದ. ಹೆಂಡತಿ ಲಾಡಬಿ, "ಮಳಿ ಬೀಳೂತನಕ ತಡೀರಿ. ಈ ಬಿಸಲಾಗ ಮನಷ್ಯಾರ ಬದುಕೂದ ಕಷ್ಟ ಐತಿ," ಎಂದಳು. ಗಿಡಕ್ಕೆ ಬಿಸಿಲೇ ಅನ್ನ ಎಂದು ಅವಳಿಗೆ ಪಾಠ ಹೇಳಿ, ಕಪ್ಪು ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಕೆಂಪು ಮಣ್ಣು ತುಂಬಿಸಿದ. ಮಣ್ಣು ಹೊತ್ತವಳು ಲಾಡಬಿ, ತುಂಬಿಸಿದವನು ಮೌಲಾಸಾಬ. ಬೆಳಿಗ್ಗೆ ಏಳುವ ರೂಢಿ ತಪ್ಪಿದ್ದರಿಂದ ನೀರು ಹಾಕುವುದು ನಡುಮಧ್ಯಾಹ್ನ. ತಾರಸಿಯ ಟಾಕಿಯ ನೀರು ಆ ಹೊತ್ತಿಗೆ ಚಹಾಕ್ಕೆ ಇಟ್ಟಷ್ಟು ಕಾದಿರುತ್ತಿತ್ತು. ಮೆಂತೆ ಮೊಳೆತು ಕರಕಾಯಿತು. ಟೊಮ್ಯಾಟೊ ಸಸಿಗಳು ನಿಂತಲ್ಲೇ ಬೆಂದವು. ಬದನೆಯ ಗಿಡಗಳು ಮಾತ್ರ ಮೊಂಡುಜಾತಿ, ಉಳಿದುಕೊಂಡವು. ಅವು ಹೂ ಬಿಡುತ್ತಿದ್ದವು. ಸೆಕೆಗೆ ಹೂಗಳು ಉದುರುತ್ತಿದ್ದವು. ಕಾಯಿ ಒಂದೂ ಕಚ್ಚಲಿಲ್ಲ.

ಆದರೆ ಉದುರುವ ಮೊದಲೇ ಹೂಗಳ ಫೋಟೊ ಓಣಿಯ ವಾಟ್ಸ್ಯಾಪ್ ಗುಂಪಿಗೆ ಹೋಗಿರುತ್ತಿತ್ತು. ಮಸೀದಿಯ ಎದುರಿನ ಚಹಾದಂಗಡಿಯಲ್ಲಿ ಕುಳಿತು, ಕೋಸು ಹಿಡಿದು ಹೋಗುವವರನ್ನು ಕರೆದು, ಮನೆಮಂದಿಗೆಲ್ಲ ವಿಷ ಒಯ್ಯುತ್ತಿದ್ದೀರಿ ಎಂದು ಹೆದರಿಸುತ್ತಿದ್ದ. ನಯೀಮನ ಟೆಂಪೊದಿಂದಲೇ ಆ ಕೋಸು ಇಳಿದಿತ್ತು ಎಂಬುದನ್ನು ಹೇಳುತ್ತಿರಲಿಲ್ಲ.

ಹೀಗೆ ಹೆದರಿದವರಲ್ಲಿ ಹಿಂದಿನ ಓಣಿಯ ದುರ್ಗಾಬಾಯಿಯೂ ಒಬ್ಬಳು. ಪ್ರವಾಸಿಗರ ಕಾಲದಲ್ಲಿ ಸಮುದ್ರದ ದಂಡೆಯಲ್ಲಿ ಮಣಿಸರ ಮಾರಿ, ಬೇಸಿಗೆ ಏರಿ ಪ್ರವಾಸಿಗರು ಹೋದ ಮೇಲೆ ಮನೆ ಸೇರುವವಳು. ಸೊಸೆ ರಂಜನಾ ಬಸುರಿ. ದುರ್ಗಾಬಾಯಿ ಒಂದು ದಿನ ಬಾಗಿಲಿಗೆ ಬಂದು ನಿಂತಳು. "ಅಣ್ಣಾರ, ಪ್ಯಾಟಿ ಕಾಯಿಪಲ್ಯ ಆಕಿಗಿ ಕೊಡಾಕ ಅಂಜಿಕಿ ಬರತೈತಿ. ನಿಮ್ಮ ಮಾಳಗಿ ಮ್ಯಾಲಿಂದು ಒಂದೀಟ ಕೊಡ್ರಿ."

ಇನ್ನೂ ಕಾಯಿ ಬಿಟ್ಟಿಲ್ಲ ಎಂದು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮೌಲಾಸಾಬನ ನಾಲಿಗೆಗೆ ಅಷ್ಟು ಸಣ್ಣ ಮಾತು ಆಡಿ ಅಭ್ಯಾಸವಿರಲಿಲ್ಲ. ನಾಳೆ ಬಾ ತಂಗಿ ಎಂದುಬಿಟ್ಟ. ಮರುದಿನ ಟೆಂಪೊದಿಂದ ಬದನೆಕಾಯಿ, ಮೆಂತೆ ಇಳಿಸಿಕೊಂಡು, ಮೆಂತೆಯ ಕಟ್ಟು ಬಿಚ್ಚಿ, ಬೇರಿಗೆ ತನ್ನ ಡಬ್ಬಿಯ ಕೆಂಪು ಮಣ್ಣು ಬಳಿದು ಕೊಟ್ಟ. ಅವಳು ಅದನ್ನು ಕಣ್ಣಿಗೊತ್ತಿಕೊಂಡು ಒಯ್ದಳು. ಆಮೇಲೆ ವಾರವಾರವೂ ಇದೇ ನಡೆಯಿತು. ಪುಕ್ಕಟೆ ತಿನ್ನುವುದು ದುರ್ಗಾಬಾಯಿಗೆ ಸರಿಬರಲಿಲ್ಲ; ಕನ್ನಡಿ, ಕವಡೆ ಕೂಡಿಸಿ ತೋರಣ ಹೊಲಿದು ತಂದು ತಾರಸಿಯ ಬಾಗಿಲಿಗೆ ಕಟ್ಟಿಹೋದಳು. ಅದನ್ನು ನೋಡಿದಾಗೆಲ್ಲ ಮೌಲಾಸಾಬನಿಗೆ ತನ್ನ ತೋಟ ನಿಜವಾಗಿಯೂ ಇದೆ ಎಂದೇ ಅನ್ನಿಸತೊಡಗಿತು.

ತೋಟವನ್ನು ಕಣ್ಣಾರೆ ನೋಡುವ ಆಸೆ ರಂಜನಾಳಿಗೆ ಹುಟ್ಟಿತು. ಬಸುರಿಯ ಬಯಕೆಗೆ ಇಲ್ಲ ಎನ್ನುವುದು ಹೇಗೆ? ಅವರು ಬರುವ ಭಾನುವಾರ, ಓಣಿಗೆ ಓಣಿಯೇ ಮೀನೂಟ ಮಾಡಿ ಮಲಗಿದ ಹೊತ್ತಿನಲ್ಲಿ, ಮೌಲಾಸಾಬ ಚೀಲ ಹಿಡಿದು ತಾರಸಿ ಹತ್ತಿ, ಗಿಡಗಿಡಕ್ಕೂ ಬದನೆಕಾಯಿ ಕಟ್ಟತೊಡಗಿದ. ಒಣಗಿದ ಬಟ್ಟೆ ತೆಗೆಯಲು ಬಂದ ಲಾಡಬಿ ಸ್ವಲ್ಪ ಹೊತ್ತು ನಿಂತು ನೋಡಿದಳು.

"ಹಸರ ದಾರ ತಗೋರಿ," ಎಂದಳು. "ಕರೇದು ಕಾಣತೈತಿ."

ಸಂಜೆ ಅತ್ತೆ ಸೊಸೆ ಇಬ್ಬರೂ ಬಂದರು. ತುಂಬಿ ತೂಗುವ ಗಿಡಗಳನ್ನು ಕಂಡು ರಂಜನಾಳ ಮುಖ ಅರಳಿತು. ಅವಳು ಬಗ್ಗಿ ನೋಡಿ, "ಅತ್ತಿ, ಒಂದ ಗಿಡದಾಗ ಹಸರೂ ಕಪ್ಪೂ ಎರಡೂ ಆಗ್ಯಾವ," ಎಂದಳು. ನಯೀಮ ಕೊಟ್ಟ ಚೀಲದಲ್ಲಿ ಎರಡೂ ಜಾತಿ ಬೆರೆತಿದ್ದವು. ಕಣ್ಣು ಮಂಜಾದ ಮೌಲಾಸಾಬ ಬಣ್ಣ ನೋಡಿರಲಿಲ್ಲ. ಅದು ಹೈಬ್ರಿಡ್ ತಳಿ ಎಂದ. ಹೈಬ್ರಿಡ್ ಎಂದರೆ ಹಾಲಾಹಲ ಎಂದು ಹಿಂದಿನ ದಿನವಷ್ಟೇ ಚಹಾದಂಗಡಿಯಲ್ಲಿ ಸಾರಿದ್ದ.

ದುರ್ಗಾಬಾಯಿ ಒಂದು ಕಾಯಿ ಹಿಡಿದು ಮೆಲ್ಲಗೆ ತಿರುವಿದಳು. ಕಾಯಿಯ ಜೊತೆಗೆ ದಾರವೂ ಬಂತು. ಹುಟ್ಟಿದಾಗಿನಿಂದ ದಾರಕ್ಕೆ ಮಣಿ ಪೋಣಿಸಿದ ಕೈ ಅದು. ಗಂಟನ್ನು ಬೆರಳಲ್ಲಿ ಹೊರಳಿಸಿದಳು. ಎಲ್ಲಿಯ ಕಾಯಿ ಎಂದು ಕೇಳಿದಳು. ಮೌಲಾಸಾಬನಿಗೆ ಸುಳ್ಳು ಹೊಳೆಯಲಿಲ್ಲ. ಬೆಳಗಾವಿಯದು ಎಂದ.

ರಂಜನಾ ಮೆಟ್ಟಿಲ ಮೇಲೆ ಕುಳಿತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅತ್ತೆ ನಗಲಿಲ್ಲ. "ಪ್ಯಾಟಿದು ತಿನ್ನಬ್ಯಾಡ ಅಂತ ಅಂಜಿಸಿದವರೂ ನೀವ, ಪ್ಯಾಟಿದ ತಂದ ಕೊಟ್ಟವರೂ ನೀವ," ಎಂದು ಬಾಗಿಲಿನ ತೋರಣ ಬಿಚ್ಚಿ, ಮಡಚಿ, ಬಗಲಲ್ಲಿ ಇಟ್ಟುಕೊಂಡು ಸೊಸೆಯ ಕೈಹಿಡಿದು ಇಳಿದುಹೋದಳು.

ಸುದ್ದಿ ಹರಡಿ, ಇವತ್ತು ಯಾವ ಗಿಡಕ್ಕೆ ಏನು ಕಟ್ಟಿದ್ದೀರಿ ಎಂದು ಕೇಳದವರು ಓಣಿಯಲ್ಲಿ ಉಳಿಯಲಿಲ್ಲ. ಮೌಲಾಸಾಬ ವಾಟ್ಸ್ಯಾಪ್ ಗುಂಪು ಬಿಟ್ಟ. ಚಹಾದಂಗಡಿ ತಪ್ಪಿಸಿ ನಮಾಜಿಗೆ ಸುತ್ತಿನ ದಾರಿ ಹಿಡಿದ. ತೋರಣವಿಲ್ಲದ ಬಾಗಿಲನ್ನು ನೋಡಲಾರದೆ ತಾರಸಿ ಹತ್ತುವುದನ್ನೂ ಬಿಟ್ಟ.

ಮಳೆ ಬಿತ್ತು. ಲಾಡಬಿ ಯಾರಿಗೂ ಹೇಳದೆ ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲಿನ ಮಗ್ಗುಲಲ್ಲಿ ಹೀರೆಯ ಬೀಜ ಊರಿದಳು. ಬಳ್ಳಿ ಗೋಡೆ ಹತ್ತಿ ಮೊದಲ ಕಾಯಿ ಇಳಿಬಿಟ್ಟಿತು. ಅಂದಿನಿಂದ ಮೌಲಾಸಾಬ ಅದಕ್ಕೆ ಕಾವಲು ಕುಳಿತ. ಹಾದುಹೋಗುವವರನ್ನೆಲ್ಲ ನಿಲ್ಲಿಸಿ, ಎಳೆದು ನೋಡಿ, ದಾರ ಇಲ್ಲ ಎನ್ನುತ್ತಿದ್ದ. ಲಾಡಬಿ ಚಾಕು ಹಿಡಿದು ಬಂದರೆ, ದುರ್ಗಾಬಾಯಿ ನೋಡುವತನಕ ಕೊಯ್ಯಕೂಡದು ಎಂದು ಅಡ್ಡ ನಿಲ್ಲುತ್ತಿದ್ದ.

ದುರ್ಗಾಬಾಯಿ ಬಂದದ್ದು ಮೊಮ್ಮಗಳ ಹೆಸರಿಡುವ ಊಟಕ್ಕೆ ಕರೆಯಲು. ಬೆಳಗಾವಿಯ ವಿಷವನ್ನೇ ತಿಂದ ರಂಜನಾ ದುಂಡನೆಯ ಕೂಸು ಹೆತ್ತಿದ್ದಳು. ಮೌಲಾಸಾಬ ಅವಳನ್ನು ನೇರ ಹಿತ್ತಿಲಿಗೆ ಕರೆದೊಯ್ದು, "ಎಳದ ನೋಡ ತಂಗಿ," ಎಂದ. ಅವಳು ಜಗ್ಗಿದಳು. ಕಾಯಿ ಬಿಡಲಿಲ್ಲ.

"ಖರೇ ಐತ್ರಿ ಅಣ್ಣಾರ," ಎಂದಳು. ಆಮೇಲೆ ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದಳು. ಒಳಗೆ ಬೀಜ ಗಲಗಲ ಎಂದವು. "ಆದ್ರ ಇನ್ನ ಇದನ್ನ ತಿನ್ನಾಕ ಬರೂದಿಲ್ಲ. ಮೈ ತಿಕ್ಕಾಕ ಇಟ್ಟಕೋರಿ."

ಸಂಜೆ ಮೌಲಾಸಾಬ ಬಹಳ ದಿನಗಳ ಮೇಲೆ ಚಹಾದಂಗಡಿಗೆ ಹೋಗಿ, ದುರ್ಗಾಬಾಯಿ ಅಂದದ್ದರಲ್ಲಿ ಮೊದಲ ಮಾತನ್ನಷ್ಟೇ ಎಲ್ಲರಿಗೂ ಹೇಳಿದ.