ಅಪ್ಪನ ಕಾಗದ, ತಮ್ಮನ ರೇಡಿಯೋ

ಹೋದ ಭಾನುವಾರ ನಾನು ಸ್ವಂತ ತಮ್ಮನ ರೇಡಿಯೋದ ವೈರ್ ಕಿತ್ತುಹಾಕಲು ಹೊರಟಿದ್ದೆ. ಇನ್ಶೂರೆನ್ಸ್ ಆಫೀಸಿನಿಂದ ರಿಟೈರ್ ಆದ, ಅರವತ್ತು ದಾಟಿದ, ಮರ್ಯಾದಸ್ಥ ಹೆಂಗಸು ನಾನು! ಕಾರಣ? ಹೊಟ್ಟೆಕಿಚ್ಚು. ಇದಕ್ಕೆ ಬೇರೆ ಹೆಸರು ಹುಡುಕುವುದು ಬೇಡ.

ನಮ್ಮಪ್ಪ ಚೆನ್ನೈ ಬಂದರಿನಲ್ಲಿ ಟಗ್ ಬೋಟಿನ ಮೇಲೆ ಕೆಲಸ ಮಾಡಿದವರು. ದೊಡ್ಡ ಹಡಗುಗಳನ್ನು ದಡಕ್ಕೆ ಎಳೆದು ತರುವ ಪುಟ್ಟ ಬೋಟು ಅದು. ಇಲ್ಲಿ ಮನೆ ಸಿಗುವವರೆಗೆ ಅಮ್ಮ ಕುಂದಾಪುರದಲ್ಲಿದ್ದಳು. ಅಪ್ಪ ಅವಳಿಗೆ ವಾರಕ್ಕೊಂದು ಕಾಗದ ಬರೆಯುತ್ತಿದ್ದರು. ಈಗ ಅಪ್ಪ ಇಲ್ಲ, ಆ ಕಾಗದಗಳು ಮುಟ್ಟಿದರೆ ಪುಡಿ.

ಅಮ್ಮ ಚೆನ್ನೈನಲ್ಲೇ, ಪೋರೂರಿನಲ್ಲಿ ನನ್ನ ಜೊತೆಗೇ ಇದ್ದಾಳೆ. ಅವಳಿಗಾಗಿ ಒಂದು ಒಳ್ಳೆಯ ಸ್ಕ್ಯಾನರ್ ಕೊಂಡೆ. (ಕಾಗದ ನುಂಗುವ ಆಫೀಸ್ ಜಾತಿಯದ್ದಲ್ಲ, ಮೇಲಿನಿಂದ ಫೋಟೋ ತೆಗೆಯುವಂಥದ್ದು.) ನಾಲ್ಕು ತಿಂಗಳು ಕೂತು ಒಂದೊಂದೇ ಹಾಳೆ ಬಿಡಿಸಿ, ಸ್ಕ್ಯಾನ್ ಮಾಡಿ, ಕಲೆ ತೆಗೆದು, ತಾರೀಕಿನ ಪ್ರಕಾರ ಜೋಡಿಸಿ, ಟ್ಯಾಬ್‌ಗೆ ಹಾಕಿ ಅವಳ ಕೈಗಿಟ್ಟೆ.

“ಚಂದ ಉಂಟು” ಎಂದಳು. ಟ್ಯಾಬ್ ಮಗುಚಿಟ್ಟಳು. “ರಾಘು ಮನೆಗೆ ಯಾವಾಗ ಕರ್ಕೊಂಡು ಹೋಗ್ತಿ?”

ರಾಘು ನನ್ನ ತಮ್ಮ. ಬಂದರಿನ ಪಕ್ಕದ ರಾಯಪುರಂನಲ್ಲಿದ್ದಾನೆ. ಅವನ ಹತ್ತಿರವೂ ಒಂದು ಸ್ಕ್ಯಾನರ್ ಇದೆ. ಆದರೆ ಅದು ರೇಡಿಯೋ! ಚಾನೆಲ್‌ನಿಂದ ಚಾನೆಲ್‌ಗೆ ಹಾರುತ್ತಾ, ಯಾರಾದರೂ ಮಾತಾಡಿದ ಕಡೆ ನಿಲ್ಲುತ್ತದೆ. ಹಡಗಿನವರು, ಬೋಟಿನವರು ಮಾತಾಡುವುದು ಕೇಳಿಸುತ್ತದೆ. (ಪರೀಕ್ಷೆ ಬರೆದು ಲೈಸೆನ್ಸ್ ತೆಗೆದುಕೊಂಡಿದ್ದಾನೆ, ಕದ್ದು ಕೇಳುವ ಪೈಕಿಯಲ್ಲ.)

ಭಾನುವಾರ ಕರೆದುಕೊಂಡು ಹೋದೆ. ಅಮ್ಮ ಚಪ್ಪಲಿ ಬಿಟ್ಟವಳೇ ರೇಡಿಯೋದ ಮುಂದೆ ಕೂತಳು. ಕರಕರ ಶಬ್ದದ ನಡುವೆ ಯಾರೋ ತಮಿಳಿನಲ್ಲಿ ಕಿರುಚಿದರು.

“ಇವ ಎಂತ ಹೇಳಿದ್ದು ರಾಘು?”

“ಹಗ್ಗ ಸಡಿಲ ಬಿಟ್ಯಾ ಅಂತ ಕೇಳ್ತಿದ್ದಾನಮ್ಮ. ಅಪ್ಪ ಆಗಿದ್ರೆ ಬೈತಿದ್ರು.”

“ಬೈಯುದಾ? ನೀರಿಗೇ ನೂಕ್ತಿದ್ರು!”

ಇಬ್ಬರೂ ಬಿದ್ದು ಬಿದ್ದು ನಕ್ಕರು. ನಾನು ಬಜ್ಜಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಯಾರೂ ತಿರುಗಲಿಲ್ಲ. ಈ ನಾಲ್ಕು ತಿಂಗಳಲ್ಲಿ ನನ್ನ ಮನೆಯಲ್ಲಿ ಅಮ್ಮ ಹೀಗೆ ಒಂದು ಸಲವಾದರೂ ನಕ್ಕಿದ್ದಳೇ?

“ಸಾಕು, ತಿಂಡಿ ಆರಿ ಹೋಗ್ತದೆ” ಎಂದು ವೈರ್‌ಗೆ ಕೈ ಹಾಕಿದೆ.

ರಾಘುವಿನ ಮಗಳು ಕಿಸಕ್ಕನೆ ನಕ್ಕಳು. “ಅತ್ತೆ, ಉಂಗಳುಕ್ಕು ಪೊರಾಮೈ!” ನಿಮಗೆ ಹೊಟ್ಟೆಕಿಚ್ಚು ಅಂತ. ನಮ್ಮ ಮನೆಯ ಮಕ್ಕಳು ಕನ್ನಡದಲ್ಲಿ ಉತ್ತರ ಕೊಡುವುದಿಲ್ಲ, ಸತ್ಯ ಮಾತ್ರ ಹೇಳಿಬಿಡುತ್ತಾರೆ. ವೈರ್ ಬಿಟ್ಟೆ.

ವಾಪಸು ಬರುವಾಗ ಕ್ಯಾಬ್‌ನಲ್ಲಿ ತಡೆಯಲಾಗಲಿಲ್ಲ. “ನಾನು ಅಷ್ಟು ಕಷ್ಟಪಟ್ಟದ್ದು ನಿನಗೆ ಬೇಡ. ಆ ಡಬ್ಬದಲ್ಲಿ ಅಂಥದ್ದು ಎಂತ ಉಂಟು?”

“ಡಬ್ಬದಲ್ಲಿ ಎಂತ ಇಲ್ಲ ಮಾರಾಯ್ತಿ. ಅವ ಪಕ್ಕದಲ್ಲಿ ಕೂತು ಹೇಳ್ತಾನಲ್ಲ, ಅದು. ನೀನು ಕೊಟ್ಟೆ, ಅಡುಗೆಮನೆಗೆ ಹೋದೆ. ಅಷ್ಟು ಸಣ್ಣ ಅಕ್ಷರ ನಂಗೆ ಕಾಣುದಿಲ್ಲ.”

ಮನೆಗೆ ಬಂದವಳೇ ಟ್ಯಾಬ್ ಚಾರ್ಜಿಗೆ ಹಾಕಿದೆ.

ಮರುದಿನ ಬೆಳಿಗ್ಗೆ ಕಾಫಿ ಆದಮೇಲೆ ಅಮ್ಮನ ಪಕ್ಕ ಕೂತು ಮೊದಲ ಕಾಗದ ಓದಿದೆ. “ಇವತ್ತು ಸಮುದ್ರ ಜೋರಿತ್ತು. ನನಗೆ ಹೆದರಿಕೆಯಾಯಿತು...” ಅಷ್ಟರಲ್ಲಿ ಮುಂದಿನ ಸಾಲನ್ನು ಅಮ್ಮನೇ ಹೇಳಿದಳು, ಕಣ್ಣು ಮುಚ್ಚಿಕೊಂಡು: “ಇದನ್ನು ನಿನ್ನ ಅಪ್ಪಯ್ಯನಿಗೆ ಹೇಳಬೇಡ.” ನಾನು ಓದುವುದು ನಿಲ್ಲಿಸಿದೆ. ಪುಟದ ಕೊನೆಯವರೆಗೂ ಒಂದಕ್ಷರ ತಪ್ಪದೆ ಅವಳೇ ಹೇಳಿದಳು. ಮುಗಿಸಿ, ನನ್ನ ಕೈ ಹಿಡಿದುಕೊಂಡಳು. ಎಷ್ಟೋ ವರ್ಷಗಳ ಮೇಲೆ.

ಆಮೇಲೆ ಹೇಳಿದಳು: “ರಾಘುಗೆ ಫೋನ್ ಮಾಡು. ಅವನೂ ಬಂದು ಕೇಳ್ಲಿ.”

ಮಾಡುತ್ತೇನೆ. ಅಷ್ಟೂ ಕಾಗದ ಓದಿ ಮುಗಿದ ಮೇಲೆ ಮಾಡಿದರೆ ತಪ್ಪೇ?